ತಾಕೋ ಮೀಟರು

ಶ್ರೀ ವೆಂಕಟರಮಣ ಕಾಪಾಡಲಿ

ಭದ್ರಾವತಿ, ಹಳೇನಗರ
ವ್ಯಯ ಸಂವತ್ಸರದ ಶ್ರಾವಣ, ಮೂರನೇ ಶನಿವಾರ
೧೭-೮-೧೯೪೬

ನನ್ನ ಮಗಳು ವಸಂತಳಿಗೆ,

ನಿನಗೂ ನಿನ್ನ ತೊಡೆಯ ಮೇಲಿನ ಕೂಸಿಗೂ ಆ ಮನೆಯ ಒಲೆಗೂ ದೀಪಕ್ಕೂ ನಿನ್ನ ಅವ್ವನ ಹರಕೆ.

ಇವತ್ತು ನನಗೆ ಒಪ್ಪೊತ್ತು. ಬೆಳಕು ಹರಿಯುವ ಮೊದಲೇ ಎದ್ದು, ಬಾಗಿಲಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟು, ಎಮ್ಮೆ ಕರೆದು, ನಿಮ್ಮಪ್ಪನಿಗೆ ರೊಟ್ಟಿ ಕಟ್ಟಿ ಕಳಿಸಿದೆ. ಆಮೇಲೆ ತಲೆಗೆ ನೀರು ಹಾಕಿಕೊಂಡು ದೇವರಿಗೆ ತಂಬಿಟ್ಟಿನ ಆರತಿ ಮಾಡಿದೆ. ನಾಮ ಹಾಕಿಕೊಂಡು ಗೋವಿಂದಾ ಅಂತ ಪಡಿ ಬೇಡಲು ಬಂದ ಓಣಿಯ ಮಕ್ಕಳಿಗೆ ಅಕ್ಕಿ ನೀಡಿದ್ದೂ ಆಯಿತು. ಇನ್ನು ಊಟದ ಹೊತ್ತಿನವರೆಗೆ ಕೈ ಖಾಲಿ. ಹೊಟ್ಟೆಯಲ್ಲಿ ಅನ್ನ ಇಲ್ಲದಾಗ ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದವನ್ನು ಇವತ್ತೇ ಬರೆಯಲು ಕೂತೆ.

ಗೌರಿ ಹಬ್ಬ ಹತ್ತಿರ ಬಂತು. ಯುಗಾದಿಗೆ ಬಂದು ಹೋದವಳು ನೀನು ಪಂಚಮಿಗೂ ಬರಲಿಲ್ಲ. ಹುತ್ತಕ್ಕೆ ತನಿ ಎರೆಯಲು ಹೋದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಹೊಸ ಬಳೆ ತೊಟ್ಟು ನಿಂತಿದ್ದರು. ನಿನ್ನನ್ನು ಕೇಳಿದವರಿಗೆ ಕೂಸಿಗೆ ಕೆಮ್ಮು ಅಂತ ಹೇಳಿದೆ. ನಾಗಪ್ಪನ ಎದುರಿಗೇ ಸುಳ್ಳಾಡಿದ್ದಕ್ಕೆ ತಪ್ಪುಕಾಣಿಕೆ ತೆಗೆದಿಟ್ಟಿದ್ದೇನೆ. ಈಗ ನಿನ್ನ ಬಾಗಿನಕ್ಕೆ ಮೊರ ತಂದು ಅರಿಶಿನ ಬಳಿದು ಒಣಗಿಸಿದ್ದೇನೆ. ಅದನ್ನು ಇನ್ನೊಬ್ಬರ ಕೈಲಿ ಕಳಿಸುವವಳಲ್ಲ ನಾನು. ನೀನೇ ಬಂದು ಸೆರಗೊಡ್ಡಿ ತೆಗೆದುಕೊಳ್ಳಬೇಕು, ಅಳಿಯಂದಿರೂ ಜೊತೆಯಲ್ಲಿ ಬಂದು ಎಲೆ ಮುಂದೆ ಕೂರಬೇಕು. ಅದಾಗಬೇಕಾದರೆ ಯುಗಾದಿಯ ದಿನ ನಮ್ಮ ನಡುಮನೆಯಲ್ಲಿ ಆದದ್ದೇನು ಅಂತ ನಿಮಗೆ ತಿಳಿಯಬೇಕು. ನನಗೇ ತಿಳಿದದ್ದು ಹೋದ ಶನಿವಾರ.

ಅವತ್ತಿನದು ನಿನಗೆ ನೆನಪಿದೆ. ನಮ್ಮ ಹಳೇ ಪಿಕಪ್ ಲಾರಿಯನ್ನು ಕೊಡುತ್ತೀರಾ ಅಂತ ಅಕ್ಕಿ ಗಿರಣಿಯ ಉಮಾಮಹೇಶ್ವರ ಹೇಳಿ ಕಳಿಸಿದ್ದ. ಹೋಳಿಗೆ ಊಟಕ್ಕೆ ಕೂತಾಗ ನಿಮ್ಮಪ್ಪ ಆ ಮಾತೆತ್ತಿ, ಮಾರುವುದೋ ಇಟ್ಟುಕೊಳ್ಳುವುದೋ ಅಂತ ಅಳಿಯಂದಿರನ್ನು ಕೇಳಿದರು. ಬಾಯಿ ಮಾತಿಗೆ ಕೇಳಿದ್ದು ಅಷ್ಟೇ. ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಆ ಗಾಡಿಯೇ ಅವರಿಗೆ ಕೈಕಾಲು. ಶಿವಮೊಗ್ಗದ ಮಾರ್ಕೆಟ್ಟಿನಿಂದ ತರಕಾರಿ ತಂದು ನ್ಯೂಟೌನಿನಲ್ಲಿ ಇಳಿಸದಿದ್ದರೆ ಅವರಿಗೆ ದಿನ ಹುಟ್ಟಿದ ಹಾಗೇ ಅಲ್ಲ. ನಾನು ಒಲೆ ಮುಂದೆ ಹೋಳಿಗೆ ತಿರುವಿ ಹಾಕುತ್ತಿದ್ದೆ, ನೀನು ಹಿತ್ತಲಲ್ಲಿ ಕೂಸಿನ ಕಾಲು ತೊಳೆಯುತ್ತಿದ್ದೆ. ಒಂದೇ ಸಲಕ್ಕೆ ನಿಮ್ಮಪ್ಪನ ಕೂಗು ಕೇಳಿಸಿತು. "ನನ್ನ ಗಾಡಿ ವಿಷ್ಯ ನೀವು ಹೇಳೋ ಹಾಗಿಲ್ಲ! ಉಂಡಿದ್ದಾದ್ರೆ ಎದ್ದು ಹೋಗಿ!" ನಾನು ಸೌಟು ಹಿಡಿದು ಹೊರಗೆ ಬರುವಷ್ಟರಲ್ಲಿ ಅಳಿಯಂದಿರು ಅರ್ಧ ಎಲೆ ಬಿಟ್ಟು ಎದ್ದಾಗಿತ್ತು.

ನೀವು ಹೊರಟ ಮೇಲೆ ನಿಮ್ಮಪ್ಪ ನನಗೆ ಹೇಳಿದ್ದು ಇಷ್ಟು. "ಮಾರಿಬಿಡಿ ಮಾವ ಅಂತಾನೆ. ನನ್ನ ಕೈಲಿ ಇನ್ನು ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದಾನೆ." ನೀನು ಶಿವಮೊಗ್ಗ ಮುಟ್ಟಿ ಬರೆದ ಕಾಗದದಲ್ಲಿ, ಮಾರಬೇಡಿ ಅಂದದ್ದಕ್ಕೆ ಇಷ್ಟು ಸಿಟ್ಟೇ ಅಂತ ಇತ್ತು. ಗಂಡನ ಮೇಲೆ ಮಾತು ಬರದಿರಲಿ ಅಂತ ಹುಡುಗಿ ತಿರುಗಿಸಿ ಬರೆದಿದ್ದಾಳೆ ಅಂದುಕೊಂಡೆ. ಇಬ್ಬರಲ್ಲಿ ಒಬ್ಬರದು ಸುಳ್ಳು ಅಂತಲೇ ನನ್ನ ಮನಸ್ಸಿನಲ್ಲಿತ್ತು. ಇಬ್ಬರದೂ ನಿಜವೇ ಮಗಳೇ.

ಈಗ ಮೀಟರಿನ ಕಥೆ ಕೇಳು.

ಶ್ರಾವಣ ಹುಟ್ಟಿದ ಮೇಲೆ ಒಂದು ದಿನ ಶಿವಮೊಗ್ಗದ ಗುಜರಿ ಅಂಗಡಿಯ ಹಾಲಸ್ವಾಮಿ ಹಳೇ ಕಬ್ಬಿಣ ಕೊಳ್ಳಲು ಈ ಕಡೆ ಬಂದವನು, ಗೋಣಿ ತುಂಡಿನಲ್ಲಿ ಸುತ್ತಿದ ಒಂದು ಸಾಮಾನನ್ನು ನಮ್ಮ ಜಗಲಿಯ ಮೇಲಿಟ್ಟ. ಬಟ್ಟಲಿನಷ್ಟು ದುಂಡಗೆ, ಗಾಜಿನ ಮುಖ, ಒಳಗೊಂದು ಮುಳ್ಳು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಯಾವುದೋ ಲಾರಿಯದಂತೆ. ನಮ್ಮ ಗಾಡಿಯಲ್ಲೂ ಅಂಥದೊಂದು ಇತ್ತಲ್ಲ, ಹಿಂದೆ ಅದನ್ನು ಇಟ್ಟುಕೊಂಡಿದ್ದ ಕಾಫಿ ತೋಟದ ದೊರೆ ಷೋಕಿಗೆ ಹಾಕಿಸಿದ್ದು. ಅದರ ಮುಳ್ಳು ಬಿದ್ದು ಹೋಗಿ ಎಷ್ಟೋ ಕಾಲವಾಗಿತ್ತು. ಇಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು ಅದರ ಕೆಲಸವಂತೆ. ಹೆಸರು ಟ್ಯಾಕೋ ಮೀಟರು. ನನ್ನ ಬಾಯಲ್ಲಿ ಅದು ತಾಕೋ ಮೀಟರಾಯಿತು. ನಿಮ್ಮಪ್ಪ ನಕ್ಕು, "ಯಾರಿಗೆ ತಾಕುತ್ತೆ ಮಾರಾಯ್ತಿ?" ಅಂದರು. ತಾಕಬೇಕಾದವರಿಗೇ ತಾಕಿತು ಅಂತ ಈಗ ಅನ್ನಿಸುತ್ತದೆ.

ಅವರು ನಟ್ಟು ಬಿಚ್ಚುವ ಪಾನ ತರಲು ಒಳಗೆ ಹೋದಾಗ ಹಾಲಸ್ವಾಮಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ. ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ ಅಂತ ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. "ಅಮ್ಮಾ, ಇದು ನಿಮ್ಮ ಅಳಿಯಂದಿರು ಹುಡುಕಿಸಿ ತೆಗೆದಿದ್ದು. ನನ್ನ ಅಂಗಡೀದು ಅಂತ ಹೇಳೋಕೆ ಹೇಳಿದಾರೆ. ಯಜಮಾನ್ರಿಗೆ ತಿಳಿದ್ರೆ ನನ್ನ ತಲೆ ಮೇಲೇ ಎಸೀತಾರೆ, ಬಾಯಿ ಬಿಡಬೇಡಿ." ನಿನ್ನ ಗಂಡ ಇದನ್ನು ನಿನಗೂ ಹೇಳಿರಲಾರರು. ಬಸ್ಸಿನ ಷೆಡ್ಡಿನಲ್ಲಿ ದಿನವಿಡೀ ದುಡಿದು, ತನ್ನನ್ನು ಎಲೆ ಮುಂದಿನಿಂದ ಎಬ್ಬಿಸಿದ ಮಾವನಿಗೆ ಮೀಟರು ಹುಡುಕುವುದು ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ನಾವು ಗಾಡಿ ನಿಲ್ಲಿಸುವ ಹಿಟ್ಟಿನ ಗಿರಣಿಯ ಷೆಡ್ಡಿನಲ್ಲೇ ನಿಮ್ಮಪ್ಪ ಅದನ್ನು ಕೂರಿಸಿದರು. ಇಂಜಿನ್ನಿನಿಂದ ಬರುವ ಒಂದು ಉದ್ದನೆಯ ಕೊಳವೆ, ಅದರೊಳಗೆ ತಿರುಗುವ ತಂತಿ. ನಾನು ಅದರ ತುದಿಯನ್ನು ಹಿಡಿದುಕೊಂಡೆ, ಅವರು ಸತ್ತ ಮೀಟರನ್ನು ಬಿಚ್ಚಿ ಇದನ್ನು ತಿರುಪಿದರು. ತಿರುಪಿನ ಮರೆ ಸರಿಯಾಗಿ ಕೂತಿತು. "ಒಡಹುಟ್ಟಿದ ಹಾಗೆ ಕೂತಿದೆ ನೋಡು" ಅಂತ ಅವರಿಗೆ ಖುಷಿಯೋ ಖುಷಿ. ನಾನು ಕುಂಕುಮ ಇಟ್ಟು ಊದುಬತ್ತಿ ಬೆಳಗಿದೆ.

ಮಾರನೇ ದಿನವೇ ಶನಿವಾರ. ಶಿವಮೊಗ್ಗದ ಕೋಟೆ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಬೇಕೆಂದು ನಾನೂ ಗಾಡಿ ಹತ್ತಿದೆ. ಹೋಗುವಾಗ ಇನ್ನೂ ನಸುಕು, ರಸ್ತೆಯಲ್ಲಿ ಬೇರೆ ಗಾಡಿಗಳಿಲ್ಲ, ಎಷ್ಟು ನಿಧಾನ ಅಂತ ತಿಳಿಯಲಿಲ್ಲ. ದೇವಸ್ಥಾನದಿಂದ ಇಳಿದು ಬರುವಾಗ ರಾಗಿಗುಡ್ಡದ ಕಡೆಗೆ, ನಿನ್ನ ಮನೆಯ ದಿಕ್ಕಿಗೆ ಕಣ್ಣು ಹೋಯಿತು. ಕಾಲು ಹೋಗಲಿಲ್ಲ.

ತರಕಾರಿ ತುಂಬಿಸಿಕೊಂಡು ವಾಪಸು ಹೊರಟೆವು. ಬಿಸಿಲೇರಿತು. ಗಾಡಿ ಮುಂದಕ್ಕೆ ಹೋಗುತ್ತಿದೆಯೋ ನಿಂತಿದೆಯೋ ಅನ್ನುವ ಹಾಗಿತ್ತು. ಇಂಜಿನ್ನು ತುಂಬು ಗಬ್ಬದ ಎಮ್ಮೆಯಂತೆ ಮುಲುಗುತ್ತಿತ್ತು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಹಿಂದಿನಿಂದ ಒಂದು ಜಟಕಾ ಬಂದು ನಮ್ಮನ್ನು ದಾಟಿತು. ಜಟಕಾದವನು ತಿರುಗಿ ನೋಡಿ, "ಓಬಯ್ಯನೋರೇ, ನಿಮ್ಮ ಗಾಡೀಗೂ ಇವತ್ತು ಒಪ್ಪೊತ್ತಾ?" ಅಂತ ಕೂಗಿದ. ಒಳಗೆ ಕೂತಿದ್ದ ಹೆಂಗಸೊಬ್ಬಳು, "ಕೊತ್ತಂಬರಿ ಅಲ್ಲೇ ಬೇರು ಬಿಡುತ್ತೆ ಕಣ್ರೀ" ಅಂತ ನಕ್ಕಳು. ನಿಮ್ಮಪ್ಪ ಏನು ಮಾಡಿದರು ಗೊತ್ತೇ? ಯಾರೋ ನಮಸ್ಕಾರ ಅಂದರು ಅನ್ನುವ ಹಾಗೆ ಕೈಯೆತ್ತಿ, ನಗುನಗುತ್ತಾ ತಲೆಯಾಡಿಸಿದರು.

ಹಿಂದೆಲ್ಲ ಯಾರಾದರೂ ಹೀಗೆ ಅಂದಿದ್ದರೆ ಗಾಡಿ ನಿಲ್ಲಿಸಿ ಜಗಳಕ್ಕೆ ಇಳಿಯುವ ಮನುಷ್ಯ ಅವರು.

"ಇಂಜಿನ್ ಅಳ್ತಾ ಇದೆ, ಸ್ವಲ್ಪ ತುಳೀರಿ" ಅಂದೆ. ಮತ್ತೆ ಅಂದೆ. ತೋಳು ಮುಟ್ಟಿ ಜೋರಾಗಿ ಹೇಳಿದ ಮೇಲೆ ಅವರು ಮೀಟರಿನ ಕಡೆ ಬೆರಳು ತೋರಿಸಿದರು. "ಮುಳ್ಳು ನೋಡು, ಇಪ್ಪತ್ತು ದಾಟಿದೆ. ಇಪ್ಪತ್ತು ಅಂದ್ರೆ ಎರಡು ಸಾವಿರ ಸುತ್ತು. ಇನ್ನೂ ತುಳಿದ್ರೆ ಬೇರಿಂಗು ಹೋಗುತ್ತೆ." ನಾನು ರಸ್ತೆಯ ಕಡೆ ಮುಖ ಮಾಡಿಕೊಂಡು, ಮಾಮೂಲು ದನಿಯಲ್ಲಿ, "ನಿಮ್ಮ ಕರೆಯೋ ಎಮ್ಮೆ ಓಡಿಹೋಯ್ತಂತೆ" ಅಂದೆ. "ಹೂಂ, ಮಧ್ಯಾಹ್ನ ಮಳೆ ಬರೋ ಹಾಗಿದೆ" ಅಂದರು.

ಆಗ ಒಂದೊಂದೇ ನೆನಪಾಯಿತು. ಈ ವರ್ಷ ಗಾಡಿ ನಮ್ಮ ಓಣಿಯಲ್ಲಿ ಕಿರುಚಿಕೊಂಡು ಬರುತ್ತಿದ್ದದ್ದು, ಗೇರು ಬದಲಿಸದೆ ಅವರು ಹಾಗೇ ತುಳಿಯುತ್ತಿದ್ದದ್ದು, ಅವಸರ ಇರಬೇಕು ಅಂತ ನಾನು ಸುಮ್ಮನಿದ್ದದ್ದು. ಯುಗಾದಿಯ ಹಿಂದಿನ ದಿನ ಅಳಿಯಂದಿರು ಅದೇ ಗಾಡಿಯಲ್ಲಿ ಮಾವನ ಪಕ್ಕ ಕೂತು ಬಂದಿದ್ದರು. ಇಂಜಿನ್ನಿನ ಜೊತೆಯಲ್ಲೇ ಬಾಳುವವರು ಅವರು, ಕೂತ ಕೂಡಲೇ ತಿಳಿದಿರಬೇಕು. ತಿಳಿದೂ ಬಾಯಿ ಬಿಡಲಿಲ್ಲ. ಕಿವಿಗೆ ಕೇಳದ್ದು ಕಣ್ಣಿಗೆ ಕಾಣಲಿ ಅಂತ ಮುಳ್ಳು ಕಳಿಸಿದರು. ನೋಡಿ ಅಳೆಯಲಾಗದ ಗಾಡಿಗೆ ಅಂದಾಜಿನ ಮೇಲೆ ಕಳಿಸಿದ್ದು, ಅದು ಇರುವುದರ ಇಮ್ಮಡಿ ಸುತ್ತು ತೋರಿಸಿ ನಿಮ್ಮಪ್ಪನನ್ನು ಹೆದರಿಸುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನಾವು ಬಂದು ಮುಟ್ಟುವ ಹೊತ್ತಿಗೆ ನ್ಯೂಟೌನಿನ ಸೊಪ್ಪಿನವರೆಲ್ಲ ಬೇರೆ ಕಡೆ ಕೊಂಡುಕೊಂಡು ಕೂತಿದ್ದರು. ನಮ್ಮ ಹರಿವೆ ದಂಟು ನೆಲಕ್ಕೆ ತಲೆ ಹಾಕಿತ್ತು. ಮನೆಗೆ ಬಂದವರೇ ನಿಮ್ಮಪ್ಪ ರುಮಾಲು ಕಿತ್ತೆಸೆದರು. "ದರಿದ್ರದ ಮೀಟರು. ಮೀಟರೂ ಬೇಡ ಗಾಡೀನೂ ಬೇಡ, ಉಮಾಮಹೇಶ್ವರಂಗೆ ಮಾರಿ ಕೈ ತೊಳ್ಕೋತೀನಿ." ನಾನು ಅವರ ಬೆನ್ನ ಹಿಂದೆ ನೀರಿನ ಚೊಂಬು ಹಿಡಿದು ನಿಂತಿದ್ದೆ. ಹೊಟ್ಟೆ ಹಸಿದಿತ್ತು. "ಮಾರಬೇಡಿ!" ಅಂದೆ.

ಅವರು ಗಿರ್ರನೆ ತಿರುಗಿದರು. "ಏನು, ನೀನೂ ಮಾರಿಬಿಡಿ ಅಂತೀಯಾ? ಅವನ ಮಾತೇ ನಿನ್ನ ಬಾಯಲ್ಲೂ ಬಂತಾ?"

ಚೊಂಬು ಕೆಳಗಿಟ್ಟೆ ಮಗಳೇ. ರಂಗೋಲಿ ಬಟ್ಟಲು ತಂದೆ. ನಡುಮನೆಯಲ್ಲಿ, ಅವತ್ತು ಅಳಿಯಂದಿರ ಎಲೆ ಹಾಕಿದ್ದ ಜಾಗದಲ್ಲೇ, ಚಿಕ್ಕಂದಿನಲ್ಲಿ ಊರ ಕೂಲಿಮಠದಲ್ಲಿ ಮರಳ ಮೇಲೆ ತಿದ್ದಿದ ಹಾಗೆ ದಪ್ಪಕ್ಷರದಲ್ಲಿ "ಮಾರಬೇಡಿ" ಅಂತ ಬರೆದು, ನನ್ನ ಬಾಯಿ ತೋರಿಸಿದೆ. ಅದರ ಕೆಳಗೆ "ಮಾರಿಬಿಡಿ" ಅಂತ ಬರೆದು, ಅವರ ಕಿವಿ ತೋರಿಸಿದೆ. ಆಮೇಲೆ ಶಿವಮೊಗ್ಗದ ಕಡೆಗೆ ಕೈ ಮಾಡಿ, ಮತ್ತೆ ಮೇಲಿನ ಸಾಲನ್ನೇ ತೋರಿಸಿದೆ.

ನಿಮ್ಮಪ್ಪ ಎರಡು ಸಾಲನ್ನೂ ನೋಡುತ್ತಾ ನಿಂತರು. ಮುಖದಲ್ಲಿ ಸಿಟ್ಟು ಇಳಿದದ್ದು ಕಂಡಿತು, ಅದು ಇಳಿದ ಮೇಲೆ ಉಳಿದದ್ದನ್ನು ನಾನು ನೋಡಲಾರದೆ ಹೋದೆ. ಅಕ್ಷರಕ್ಕೆ ಕಾಲು ಸೋಕಿಸಬಾರದು ಅಂತ ಕುಕ್ಕರಗಾಲಲ್ಲಿ ಕೂತು, ಕೆಳಗಿನ ಸಾಲನ್ನು ಅಂಗೈಯಿಂದ ಒರೆಸಿದರು. ಮೇಲಿನದನ್ನು ಹಾಗೇ ಬಿಟ್ಟರು.

"ಮೊದಲು ಹಕ್ಕಿ ಸದ್ದು ಹೋಯ್ತು," ಅಂದರು. "ವಯಸ್ಸಾಯ್ತಲ್ಲ ಅಂದ್ಕೊಂಡೆ. ಆಮೇಲೆ ನಿನ್ನ ಬಳೆ ಸದ್ದು ಹೋಯ್ತು. ನೀನೇ ಬಳೆ ಕಮ್ಮಿ ಮಾಡಿದೀಯ ಅಂದ್ಕೊಂಡೆ. ಈ ವರ್ಷ ಇಂಜಿನ್ನೂ ಹೋಯ್ತು. ಹೇಳಿದ್ರೆ ಗಾಡಿ ಬಿಡಿಸ್ತೀರ ಅಂತ ಹೇಳಲಿಲ್ಲ."

ಅವತ್ತು ನನ್ನ ಒಪ್ಪೊತ್ತು ಪೂರ್ತಿ ಉಪವಾಸವೇ ಆಯಿತು.

ವಾರದ ನಡುವೆ ಹಾಲಸ್ವಾಮಿ ಬಂದ. ಮೀಟರು ಸುಳ್ಳು ತೋರಿಸುತ್ತಿದೆ, ಕಳಿಸಿದವರನ್ನು ಕೇಳಿಕೊಂಡು ಬಾ ಅಂತ ಗುಟ್ಟಾಗಿ ಹೇಳಿ ಅಟ್ಟಿದೆ. ಮಾರನೇ ದಿನ ವಾಪಸು ಬಂದು ಸಂಧ್ಯಾವಂದನೆಯ ಮಂತ್ರದ ಹಾಗೆ ಕಣ್ಣು ಮುಚ್ಚಿ ಒಪ್ಪಿಸಿದ. "ಇಂಜಿನ್ ಮುಂದಿನ ಪುಲ್ಲಿ ಮೇಲೆ ಎಂಟು ಗೆರೆ, ಸಮ ಸಮ. ಷೆಡ್ಡು ಕತ್ತಲೆ ಮಾಡಬೇಕು. ಒಂದೇ ಕರೆಂಟು ದೀಪ ಹತ್ತಿರ ಹಿಡೀಬೇಕು. ಇಂಜಿನ್ ತಿರುಗುವಾಗ ಗೆರೆ ನಿಂತ ಹಾಗೆ ಕಂಡ್ರೆ ಆಗ ಮುಳ್ಳು ಏಳೂವರೆ ಮೇಲಿರಬೇಕು."

"ಅಯ್ಯೋ, ಶ್ರಾವಣದಲ್ಲಿ ಏಳೂವರೆ ಅಂತ ಬಾಯಲ್ಲಿ ಅನ್ನಬೇಡ" ಅಂದೆ.

"ಶನಿ ಏಳೂವರೆ ಅಲ್ಲಮ್ಮ, ಸುತ್ತು ಏಳೂವರೆ ನೂರು. ಯಾಕೆ ಅಂತ ಮಾತ್ರ ನನ್ನ ಕೇಳಬೇಡಿ. ಕರೆಂಟಿನ ಬೆಳಕು ನಮ್ಮ ಕಣ್ಣಿಗೆ ಕಾಣದ ಹಾಗೆ ಮಿಟುಕುತ್ತಂತೆ, ಚಕ್ರ ಅದರ ತಾಳಕ್ಕೆ ಬಂದ್ರೆ ಗೆರೆ ನಿಲ್ಲುತ್ತಂತೆ."

ಹಾಲಸ್ವಾಮಿ ಎಳೆದ ಗೆರೆ ನೋಡಿದ್ದರೆ ನೀನು ನಗುತ್ತಿದ್ದೆ. ಅವನನ್ನು ಸರಿಸಿ, ಸುಣ್ಣಕ್ಕೆ ಅಂಟು ಕಲಸಿಕೊಂಡು ಬೆಲ್ಟು ಓಡಿಸುವ ಆ ಪುಲ್ಲಿ ಚಕ್ರದ ಮುಖದ ಮೇಲೆ ಎಂಟೆಸಳಿನ ಕಮಲ ಬರೆದೆ. ದಿನಾ ಬಾಗಿಲಲ್ಲಿ ಬಿಡುವುದೇ ತಾನೇ. ಗಿರಣಿ ಷೆಡ್ಡಿನ ಬಾಗಿಲಿಗೆ ಗೋಣಿ ಇಳಿಬಿಟ್ಟರು, ಹೊಗೆ ಹೋಗಲು ಹಿಂದೆ ಒಂದು ಸಂದು ಮಾತ್ರ. ಪುಲ್ಲಿಯ ಹತ್ತಿರಕ್ಕೆ ಒಂದೇ ಕರೆಂಟು ದೀಪ ಕಟ್ಟಿದರು. ನಿಮ್ಮಪ್ಪ ಗಾಡಿಯೊಳಗೆ ಕೂತು ಕಾಲಿಟ್ಟರು. ಕೂಗಿದರೆ ಅವರಿಗೆ ಕೇಳುವುದಿಲ್ಲ ಅಂತ, ಕಮಲ ನಿಂತಾಗ ನಾನು ಕೈಯೆತ್ತಬೇಕು ಅಂತ ಮಾತಾಗಿತ್ತು.

ಮೊದಲು ಬರೀ ಬಿಳೀ ಮಂಜು. ಆಮೇಲೆ ಅದರೊಳಗಿಂದ ಎಸಳು ಮೂಡಿ ಹಿಂದಕ್ಕೆ ಹಿಂದಕ್ಕೆ ಜಾರತೊಡಗಿದವು. ಇನ್ನಷ್ಟು, ಇನ್ನಷ್ಟು ನಿಧಾನ. ಆಮೇಲೆ ನಿಂತವು. ಇಂಜಿನ್ನು ಗುಡುಗುತ್ತಿದೆ, ನೆಲ ನಡುಗುತ್ತಿದೆ, ಬೆಲ್ಟು ಓಡುತ್ತಿದೆ, ನನ್ನ ಕಮಲ ಮಾತ್ರ ಆಗತಾನೇ ಬಾಗಿಲಲ್ಲಿ ಬಿಟ್ಟ ಹಾಗೆ ತಣ್ಣಗೆ ಕೂತಿದೆ. ಕೈಯೆತ್ತುವುದು ಮರೆತು ಗೋವಿಂದಾ ಅಂತ ಕೂಗಿಬಿಟ್ಟೆ. ಹಾಲಸ್ವಾಮಿ ನನ್ನ ಬದಲಿಗೆ ಎರಡೂ ಕೈ ಎತ್ತಿದ.

ಮುಳ್ಳು ಹದಿನೈದರ ಮೇಲೆ ನಿಂತಿತ್ತು. ಸರಿಯಾಗಿ ಇಮ್ಮಡಿ. ನಿಮ್ಮಪ್ಪ ಹಾಲಸ್ವಾಮಿಯನ್ನು ಗಾಡಿಯೊಳಗೆ ಕೂರಿಸಿ ಇಳಿದು ಬಂದರು. ದೀಪದ ಹತ್ತಿರ ಬಗ್ಗಿ ನೋಡಿದರು. ನೋಡುತ್ತಾ ನೋಡುತ್ತಾ ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿದರು.

ಎಂಟೆಸಳು ಒರೆಸಿ ನಾಲ್ಕೆಸಳು ಬರೆದು, ಇನ್ನೂ ಜೋರಾಗಿ ಓಡಿಸಿ ನೋಡಿದೆವು. ಅಲ್ಲೂ ಮೀಟರು ಇಮ್ಮಡಿಯೇ ಹೇಳಿತು. ಸುಳ್ಳಾದರೂ ನಿಯತ್ತಿನ ಸುಳ್ಳು ಅಂತ ಹಾಲಸ್ವಾಮಿ ಮೆಚ್ಚಿಕೊಂಡ. ಗಾಜು ಬಿಚ್ಚಿ, ಹಳೇ ಅಂಕಿಗಳ ಮೇಲೆ ಕಾಗದದ ಬಳೆ ಅಂಟಿಸಿ, ಒಂದೊಂದಕ್ಕೂ ಅರ್ಧ ಅರ್ಧ ಮಾಡಿ ನಾನೇ ಕನ್ನಡದ ಅಂಕಿ ಬರೆದೆ. ಮಿಲಿಟರಿ ಮೀಟರಿಗೆ ಈಗ ನಿನ್ನ ಅವ್ವನ ಅಕ್ಷರ. ಇದಕ್ಕಿಂತ ಆಚೆ ಹೋಗಬಾರದು ಅನ್ನುವ ಕಡೆ, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಗಾಜಿನ ಮೇಲೆ ಒಂದು ಗೆರೆ ಎಳೆದೆ. "ಇದನ್ನ ದಾಟಿದ್ರೆ ದೇವರಾಣೆ" ಅಂತ ಕೈಸನ್ನೆ ಮಾಡಿದೆ. ತಲೆಯಾಡಿಸಿದರು. ಮೂಗುದಾಣ ಹಾಕಿಸಿಕೊಂಡ ಹೋರಿಯಂತೆ ಇದ್ದರು.

ಇವತ್ತು ಮಾರ್ಕೆಟ್ಟಿಗೆ ಹೋಗಿ ಬಿಸಿಲೇರುವ ಮೊದಲೇ ಬಂದುಬಿಟ್ಟಿದ್ದಾರೆ. ಅದೇ ಜಟಕಾದವನನ್ನು ಹಿಂದೆ ಹಾಕಿದರಂತೆ. ಈಗ ಹೊರಗೆ ಗಾಡಿ ತೊಳೆಯುತ್ತಿದ್ದಾರೆ. ಅವರ ಪಕ್ಕದ ಸೀಟಿಗೆ ನಮ್ಮ ಹಳೇ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಾರೆ. ನಾನು ಇಷ್ಟು ವರ್ಷ ಬರೀ ಹಲಗೆಯ ಮೇಲೆ ಕೂತು ಓಡಾಡಿದವಳು, ಅದು ನನಗಲ್ಲ ಅಂತ ಗೊತ್ತು. ಕೂಸನ್ನು ಮಲಗಿಸುವಷ್ಟು ಅಗಲ ಇದೆ.

ಅವರು ಬಾಯಿ ಬಿಟ್ಟು ತಪ್ಪಾಯಿತು ಅನ್ನುವ ಜಾತಿಯಲ್ಲ, ನಿನಗೂ ಗೊತ್ತು. ಅಳಿಯಂದಿರಿಗೆ ಈ ಕಾಗದವನ್ನು ಓದಿ ಹೇಳು. ಎಲೆ ಮುಂದೆ ಆದ ಅವಮಾನ ಸಣ್ಣದಲ್ಲ, ಆದರೆ ಅವರು ಆಡಿದ ಒಳ್ಳೇ ಮಾತು ಕೇಳಬೇಕಾದವರಿಗೆ ಕೇಳಿಸಿರಲೇ ಇಲ್ಲ ಅಂತ ಹೇಳು. ಈಗ ಕೇಳಿಸಿದೆ. ನಡುಮನೆಯಲ್ಲಿ ನಾನು ಬರೆದ ಆ ಮೇಲಿನ ಸಾಲನ್ನು ಈ ವಾರವೆಲ್ಲ ಗುಡಿಸಲು ಬಿಟ್ಟಿಲ್ಲ ಅವರು.

ಹಾಲಸ್ವಾಮಿ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಕೂಸಿಗೆ ದೃಷ್ಟಿ ತೆಗೆ.

ಅರಿಶಿನದ ಮೊರ ಎದುರಿಗಿಟ್ಟುಕೊಂಡಿರುವ
ನಿನ್ನ ಅವ್ವ,
ಮಾಸ್ತಮ್ಮ

ಮರೆತದ್ದು: ಕಾಗದ ಮಡಿಸುವಾಗ ನಿಮ್ಮಪ್ಪ ಒದ್ದೆ ಕೈಯಲ್ಲೇ ಒಳಗೆ ಬಂದು, ಮೀಟರು ಕಳಿಸಿದ್ದು ಯಾರು ಅಂತ ಬರೆದೆಯಾ ಅಂತ ಕೇಳಿದರು. ನಾನು ತಬ್ಬಿಬ್ಬಾದೆ. "ಮೊದಲ ದಿನವೇ ಗೊತ್ತಿತ್ತು ಮಾರಾಯ್ತಿ. ಹಾಲಸ್ವಾಮಿ ತನ್ನ ಜನ್ಮದಲ್ಲಿ ಸಾಮಾನು ಒರೆಸಿ, ತಿರುಪಿನ ಮರೆಗೆ ಎಣ್ಣೆ ಹಚ್ಚಿ ಕೊಟ್ಟಿದ್ದುಂಟಾ? ಅವರು ಕಳಿಸಿದ್ದು ಅಂತಲೇ ಹಾಕ್ಕೊಂಡೆ" ಅಂದರು. ಯುಗಾದಿಯಿಂದ ಇವತ್ತಿನವರೆಗೆ ಅವನು ಅವನು ಅನ್ನುತ್ತಿದ್ದವರ ಬಾಯಲ್ಲಿ "ಅವರು" ಬಂದದ್ದು ನನ್ನ ಕಿವಿಗೆ ಬಿತ್ತು. ಇನ್ನೊಂದು ಮಾತು ಬರೆಯಲು ಹೇಳಿದ್ದಾರೆ, ಹೇಳಿದ ಹಾಗೇ ಬರೆಯುತ್ತೇನೆ: "ನಿನ್ನ ಉತ್ತರಾನ ಟಪ್ಪಾಲಿಗೆ ಹಾಕಬೇಡ. ಬುಧವಾರ ಮಾರ್ಕೆಟ್ಟಿಗೆ ಬಂದಾಗ ನಾನೇ ನಿಮ್ಮ ಮನೆ ಬಾಗಿಲಿಗೆ ಬಂದು ಇಸ್ಕೊಂಡು ಹೋಗ್ತೀನಿ. ಅಳಿಯಂದಿರು ಮನೇಲಿರಲಿ. ಮಾತಾಡುವಾಗ ಸ್ವಲ್ಪ ಜೋರಾಗಿ ಮಾತಾಡೋಕೆ ಹೇಳು, ನನಗೆ ಕಿವಿ ಕೇಳಲ್ಲ."